ಫೋಟೋ ತಿದ್ದುವ ಕಥೆ: ಸೀಸದಕಡ್ಡಿಯಿಂದ ಎ.ಐ. ತನಕ



ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಊರಿನಲ್ಲಿರುವ ನಮ್ಮ ಮನೆಯವರಿಗೆ ಒಂದು ನಂಬಿಕೆ. ಪ್ರಿಂಟರ್ ಕೆಟ್ಟರೂ ಇವನೇ ನೋಡಬೇಕು, ಟಿ.ವಿ. ರಿಮೋಟ್ ಕೆಟ್ಟರೂ ಇವನೇ ನೋಡಬೇಕು! ಹಾಗಾಗಿ ಎರಡು ತಿಂಗಳ ಹಿಂದೆ ಅಮ್ಮ ತಿಪಟೂರಿನಿಂದ ವಾಟ್ಸ್ಯಾಪಿನಲ್ಲಿ ಒಂದು ಹಳೇ ಫೋಟೋ ಕಳಿಸಿ, "ಮಾವನ ಹೊಸ ಮನೆ ಗೃಹಪ್ರವೇಶಕ್ಕೆ ಇದನ್ನ ದೊಡ್ಡದು ಮಾಡಿಸಿ ಹಾಲ್‌ನಲ್ಲಿ ಹಾಕ್ತಾರಂತೆ. ನೀನು ಕಂಪ್ಯೂಟರಿನವನಲ್ವಾ, ಸ್ವಲ್ಪ ಸರಿ ಮಾಡಿಕೊಡು" ಅಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಅದು ನನ್ನ ಅಜ್ಜಿ-ತಾತ ಮದುವೆಯಾದ ಹೊಸತರಲ್ಲಿ, 1958ರಲ್ಲಿ, ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡ ಫೋಟೋ. ತಾತ ಕೋಟು ತೊಟ್ಟು ಕುರ್ಚಿಯ ಮೇಲೆ ಕೂತಿದ್ದಾರೆ. ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ. ಹಿಂದೆ ಪರದೆಯ ಮೇಲೆ ಬರೆದ ಕಂಬ, ಮೆಟ್ಟಿಲು, ಹೂಬಳ್ಳಿ. ಫೋಟೋದ ನಡುವೆ ಮಡಿಕೆ ಬಿದ್ದು ಬಿರುಕು ಬಿಟ್ಟಿದೆ, ಒಂದು ಮೂಲೆಗೆ ಬೂಷ್ಟು ಹಿಡಿದಿದೆ.

ಫೋನಿನಲ್ಲಿದ್ದ ಒಂದು ಎ.ಐ. ಆಪ್‌ಗೆ ಫೋಟೋ ಹಾಕಿದೆ. ಹತ್ತೇ ಸೆಕೆಂಡು! ಬಿರುಕು ಮಾಯ, ಬೂಷ್ಟು ಮಾಯ, ಕಪ್ಪು-ಬಿಳುಪು ಹೋಗಿ ಬಣ್ಣ ಬಂತು. ಅಜ್ಜಿಯ ರೆಪ್ಪೆಯ ಕೂದಲು ಕೂಡ ಎಣಿಸುವಷ್ಟು ಸ್ಪಷ್ಟ. ಹೆಮ್ಮೆಯಿಂದ ಫ್ಯಾಮಿಲಿ ಗ್ರೂಪಿಗೆ ಕಳಿಸಿದೆ. ಚಿಕ್ಕಮ್ಮಂದಿರು, ಮಾವಂದಿರು ಎಲ್ಲರೂ ಹೆಬ್ಬೆರಳು ಎತ್ತಿದರು. ಅಮ್ಮನಿಂದ ಮಾತ್ರ ಉತ್ತರವಿಲ್ಲ. ರಾತ್ರಿ ನಾನೇ ಫೋನ್ ಮಾಡಿದೆ.

"ಚೆನ್ನಾಗಿದೆ ಕಣೋ. ಆದ್ರೆ ಇದು ನಮ್ಮಮ್ಮ ಅಲ್ಲ."

ಮತ್ತೆ ನೋಡಿದೆ. ನಿಜ. ಕಣ್ಣು ಯಾರದೋ, ತುಟಿ ಯಾರದೋ. ಸೀರೆ ಮೆರೂನ್ ಬಣ್ಣಕ್ಕೆ ತಿರುಗಿತ್ತು. ಆದರೆ ಅದು ಹಸಿರು ಮೈಸೂರು ಸಿಲ್ಕ್ ಅಂತೆ, ಇವತ್ತಿಗೂ ಅಮ್ಮನ ಬೀರುವಿನಲ್ಲಿದೆಯಂತೆ. ಅಷ್ಟಕ್ಕೇ ಮುಗಿಯಲಿಲ್ಲ. ಅಮ್ಮ ಇನ್ನೊಂದು ಮಾತು ಹೇಳಿದರು: "ನಿಜ ಹೇಳ್ಬೇಕು ಅಂದ್ರೆ ಆ ಹಳೇ ಫೋಟೋದಲ್ಲಿರೋದೂ ಪೂರ್ತಿ ನಮ್ಮಮ್ಮ ಅಲ್ಲ. ಕೆನ್ನೆ ಮೇಲೆ ಸಿಡುಬಿನ ಕಲೆ ಇರ್ಲಿಲ್ವಾ? ಸ್ಟುಡಿಯೋದವನು ಟಚಿಂಗ್ ಮಾಡಿ ಅಳಿಸಿಬಿಟ್ಟಿದ್ದ. ನನ್ನ ಮುಖಕ್ಕೆ ಸೀಸದಕಡ್ಡಿ ಬಳಿದಿದ್ದಾನೆ ಅಂತ ನಮ್ಮಮ್ಮ ನಗ್ತಿದ್ಲು."

ಹೌದಲ್ಲ! ಚಿಕ್ಕವನಿದ್ದಾಗ ಅಜ್ಜಿಯ ತೊಡೆಯ ಮೇಲೆ ಮಲಗಿ ಆ ಕಲೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದವನು ನಾನು. ಆ ಫೋಟೋದಲ್ಲಿ ಅವು ಇಲ್ಲ ಅನ್ನುವುದು ಇಷ್ಟು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ. 1958ರಲ್ಲಿ, ಕಂಪ್ಯೂಟರಿನ ಹೆಸರೇ ಕೇಳದ ಒಬ್ಬ ಸ್ಟುಡಿಯೋದವನು ಸೀಸದಕಡ್ಡಿಯಿಂದ ಕಲೆ ಅಳಿಸಿದ್ದು ಹೇಗೆ? ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದರ ಫಲವೇ ಈ ಲೇಖನ.

ಮ್ಯೂನಿಕ್‌ನವನ ಕೈಚಳಕ

ಹುಡುಕುತ್ತಾ ಹೋದರೆ ಕಥೆ ಬಂದು ನಿಂತದ್ದು ನಾವು ಈಗ ಬದುಕುತ್ತಿರುವ ಈ ಮ್ಯೂನಿಕ್ ನಗರದಲ್ಲೇ!

ಪ್ಯಾರಿಸ್ಸಿನ ಡಾಗೆರ್ ತನ್ನ ಫೋಟೋ ತೆಗೆಯುವ ವಿಧಾನವನ್ನು ಲೋಕಕ್ಕೆ ಸಾರಿದ್ದು 1839ರಲ್ಲಿ. ಬೆಳ್ಳಿ ಲೇಪಿಸಿದ ತಗಡಿನ ಮೇಲೆ ನೇರವಾಗಿ ಚಿತ್ರ ಮೂಡುತ್ತಿತ್ತು. ಒಂದು ಫೋಟೋ ಅಂದರೆ ಒಂದೇ ತಗಡು, ಅದಕ್ಕೆ ನಕಲಿಲ್ಲ. ಅದರ ಮೇಲೆ ಮಾಡಬಹುದಾಗಿದ್ದ ಅಲಂಕಾರವೆಂದರೆ ಕೆನ್ನೆಗೆ, ಒಡವೆಗೆ ಹಗುರವಾಗಿ ಬಣ್ಣದ ಪುಡಿ ಹಚ್ಚುವುದು. ಇಂಗ್ಲೆಂಡಿನ ಟಾಲ್ಬಟ್‌ನ ಕಾಗದದ ನೆಗೆಟಿವ್ (1841), ಆಮೇಲೆ ಆರ್ಚರ್‌ನ ಗಾಜಿನ ನೆಗೆಟಿವ್ (1851) ಬಂದ ಮೇಲೆ ಆಟವೇ ಬದಲಾಯಿತು. ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರಿಂಟ್ ಹಾಕಬಹುದು. ಅಂದ ಮೇಲೆ ನೆಗೆಟಿವ್ ಒಂದನ್ನು ತಿದ್ದಿದರೆ ಸಾಕು, ಎಲ್ಲಾ ಪ್ರಿಂಟ್‌ಗಳೂ ತಿದ್ದಿದಂತೆಯೇ ಬರುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೋರ್ಸ್ ಕೋಡ್‌ನಲ್ಲಿ ಬದಲಾವಣೆ ಮಾಡಿದ ಹಾಗೆ.

ಇದನ್ನು ಲೋಕಕ್ಕೆ ತೋರಿಸಿಕೊಟ್ಟವನು ಫ್ರಾಂಝ್ ಹಾನ್ಫ್‌ಸ್ಟೆಂಗ್ಲ್. ಮೊದಲು ಕಲ್ಲಚ್ಚಿನ ಚಿತ್ರಗಳಿಗೆ ಹೆಸರಾಗಿದ್ದ ಈತ 1853ರಲ್ಲಿ ಮ್ಯೂನಿಕ್‌ನಲ್ಲಿ ಫೋಟೋ ಸ್ಟುಡಿಯೋ ತೆರೆದ. 1855ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಒಂದೇ ಮುಖದ ಎರಡು ಪ್ರಿಂಟ್‌ಗಳನ್ನು ಇಟ್ಟ. ಒಂದು ತಿದ್ದುವ ಮೊದಲಿನದು, ಇನ್ನೊಂದು ತಿದ್ದಿದ ಮೇಲಿನದು. ಜನ ಬೆರಗಾದರು. ಫೋಟೋದಲ್ಲಿ ಇನ್ನೂ ಚೆಂದ ಕಾಣಬಹುದು ಎಂದು ಗೊತ್ತಾದ ಮೇಲೆ ಕೇಳಬೇಕೇ? ಸ್ಟುಡಿಯೋಗಳಲ್ಲಿ ರೀಟಚಿಂಗ್ ಅನ್ನುವುದು ಒಂದು ಪ್ರತ್ಯೇಕ ಕಸುಬೇ ಆಯಿತು.

ಕ್ಯಾಮೆರಾ ಹೇಳುತ್ತಿದ್ದ ಸುಳ್ಳು

"ಕ್ಯಾಮೆರಾ ಸುಳ್ಳು ಹೇಳುವುದಿಲ್ಲ, ತಿದ್ದುವವರು ಸುಳ್ಳು ಹೇಳಿಸುತ್ತಾರೆ" ಎಂದು ನಾನೂ ಅಂದುಕೊಂಡಿದ್ದೆ. ಅದು ಅರ್ಧ ಸತ್ಯ. ಆ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಕೆಂಪು ಬಣ್ಣ ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಮುಖದ ಮೇಲಿನ ಸಣ್ಣ ಕೆಂಪು ಗುಳ್ಳೆ ಫೋಟೋದಲ್ಲಿ ಕಪ್ಪು ಚುಕ್ಕೆಯಾಗುತ್ತಿತ್ತು. ನೀಲಿ ಕಣ್ಣು ಬಿಳಿಚಿಕೊಳ್ಳುತ್ತಿತ್ತು. ಮೋಡವಿರುವ ಸುಂದರ ಆಕಾಶ ಬರೀ ಬಿಳಿ ಗೋಡೆಯಂತೆ ಬರುತ್ತಿತ್ತು. ಎಲ್ಲಾ ಬಣ್ಣಗಳನ್ನೂ ಗ್ರಹಿಸುವ ಗಾಜಿನ ಪ್ಲೇಟ್‌ಗಳು ಮಾರಾಟಕ್ಕೆ ಬಂದದ್ದೇ 1906ರಲ್ಲಿ. ಅಲ್ಲಿಯ ತನಕ "ನಾನು ಕ್ಯಾಮೆರಾ ಮಾಡಿದ ತಪ್ಪನ್ನು ಸರಿಪಡಿಸುತ್ತಿದ್ದೇನೆ" ಎಂದು ರೀಟಚಿಂಗ್ ಮಾಡುವವನು ಹೇಳಿದರೆ ಇಲ್ಲವೆನ್ನಲು ಆಗುತ್ತಿರಲಿಲ್ಲ.

ಈ ಬಿಳೀ ಆಕಾಶದ ಕಾಟಕ್ಕೆ ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದ ಕಡಲ ಚಿತ್ರಗಳಲ್ಲಿ ಒಂದು ಉಪಾಯ ಮಾಡಿದ. ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಸೇರಿಸಿ ಒಂದೇ ಪ್ರಿಂಟ್ ಹಾಕಿದ. ಇಂದು ನಮ್ಮ ಫೋನುಗಳಲ್ಲಿರುವ ಎಚ್.ಡಿ.ಆರ್. ಕೂಡ ಹೆಚ್ಚುಕಡಿಮೆ ಇದೇ ತಾನೇ?

ಅಂದ ಹಾಗೆ, ಇದರಲ್ಲಿ ನಮ್ಮ ನಾಡಿಗೂ ಒಂದು ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಹಳೇಬೀಡು, ಬೇಲೂರು ಕಡೆ ಹೋಗಿ ದೇವಾಲಯಗಳ ಫೋಟೋ ತೆಗೆದ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವನು ಇಟ್ಟಿದ್ದ 68 ಫೋಟೋಗಳು ತೀರ್ಪುಗಾರರ ಮೆಚ್ಚುಗೆ ಪಡೆದವು. ಇದೇ ಟ್ರೈಪ್ ಮುಂದೆ ಬರ್ಮಾದಲ್ಲೂ ತಮಿಳು ಸೀಮೆಯಲ್ಲೂ ಚಿತ್ರ ತೆಗೆದಾಗ, ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಖಾಲಿ ಆಕಾಶಕ್ಕೆ ಮೋಡ ಬರೆದ, ಗಿಡಮರಗಳ ಎಲೆ ತಿದ್ದಿದ!

ಸೀಸದಕಡ್ಡಿಯ ಕೆಲಸ

ಈಗ ಅಜ್ಜಿಯ ಕೆನ್ನೆಗೆ ಬರೋಣ. ನೆಗೆಟಿವ್‌ನಲ್ಲಿ ಎಲ್ಲವೂ ಉಲ್ಟಾ. ಪ್ರಿಂಟ್‌ನಲ್ಲಿ ಕಪ್ಪಾಗಿ ಕಾಣುವ ಸುಕ್ಕು, ಕಲೆ, ನೆರಳು ನೆಗೆಟಿವ್‌ನಲ್ಲಿ ತೆಳ್ಳಗೆ, ಪಾರದರ್ಶಕವಾಗಿ ಇರುತ್ತವೆ. ಆ ತೆಳು ಜಾಗವನ್ನು ಸೀಸದಕಡ್ಡಿಯಿಂದ ತುಂಬಿದರೆ ಅಲ್ಲಿ ಬೆಳಕು ಕಡಿಮೆ ಹಾಯುತ್ತದೆ. ಕಡಿಮೆ ಬೆಳಕು ಬಿದ್ದ ಕಾಗದ ಬೆಳ್ಳಗೇ ಉಳಿಯುತ್ತದೆ. ಅಂದರೆ ನೆಗೆಟಿವ್‌ನಲ್ಲಿ ಕಪ್ಪು ಬಳಿದರೆ ಪ್ರಿಂಟ್‌ನಲ್ಲಿ ಕಲೆ ಮಾಯ! ತದ್ವಿರುದ್ಧವಾಗಿ, ಪ್ರಿಂಟ್‌ನಲ್ಲಿ ಏನನ್ನಾದರೂ ಕಪ್ಪಾಗಿಸಬೇಕಿದ್ದರೆ ನೆಗೆಟಿವ್‌ನ ಆ ಜಾಗವನ್ನು ಚೂಪಾದ ಚಾಕುವಿನಿಂದ ನವಿರಾಗಿ ಕೆರೆಯಬೇಕು.

ಇದಕ್ಕೊಂದು ವಿಶೇಷ ಡೆಸ್ಕ್ ಇರುತ್ತಿತ್ತು. ಇಳಿಜಾರಾದ ಹಲಗೆ, ನಡುವೆ ಒಂದು ಕಿಂಡಿ, ಕಿಂಡಿಗೆ ಮಸುಕು ಗಾಜು. ಕೆಳಗಿನ ಕನ್ನಡಿ ಕಿಟಕಿಯ ಬೆಳಕನ್ನು ಮೇಲಕ್ಕೆ ಹಾಯಿಸುತ್ತದೆ. ನೆಗೆಟಿವ್ ಮೇಲ್ಮೈ ನುಣುಪಾದ್ದರಿಂದ ಸೀಸ ಹಿಡಿಯುವುದಿಲ್ಲ. ಆದ್ದರಿಂದ ಮೊದಲು ತೆಳುವಾಗಿ ಒಂದು ವಾರ್ನಿಷ್ ಸವರುತ್ತಾರೆ. ಸೀಸದಕಡ್ಡಿಯನ್ನು ಉಪ್ಪುಕಾಗದಕ್ಕೆ ಉಜ್ಜಿ ಸೂಜಿಯಷ್ಟು ಚೂಪು ಮಾಡುತ್ತಾರೆ. ಆಮೇಲೆ ಸಣ್ಣ ಸಣ್ಣ ಗೀಟು, ಚುಕ್ಕೆ, ಸುರುಳಿ. ಗಂಟೆಗಟ್ಟಲೆ ಕೆಲಸ, ಕಣ್ಣಿಗೆ ಶಿಕ್ಷೆ. ಒಂದು ಕೈ ಹೆಚ್ಚಾದರೆ ಮುಖ ಮೇಣದ ಬೊಂಬೆಯಂತಾಗುತ್ತದೆ. ಸ್ಟುಡಿಯೋ ನೆಗೆಟಿವ್‌ಗಳು ಅಂಗೈಯಗಲ ಇರುತ್ತಿದ್ದುದರಿಂದ ಇದು ಸಾಧ್ಯವಾಗುತ್ತಿತ್ತು. 35 ಮಿಲಿಮೀಟರ್ ರೋಲ್‌ನ ಪುಟ್ಟ ನೆಗೆಟಿವ್‌ನಲ್ಲಿ ಮುಖವೇ ಕಡಲೆಕಾಳಿನಷ್ಟಿದ್ದರೆ ಸೀಸದಕಡ್ಡಿ ಆಡಿಸುವುದೆಲ್ಲಿ?

ನೆಗೆಟಿವ್ ಆದ ಮೇಲೆ ಪ್ರಿಂಟ್ ಮೇಲಿನ ಕೆಲಸ. ದೂಳು ಬಿದ್ದ ಬಿಳಿ ಚುಕ್ಕೆಗಳಿಗೆ ಕುಂಚದಿಂದ ಬಣ್ಣ ಮುಟ್ಟಿಸುವುದು, ಬೇಕೆಂದವರಿಗೆ ಪೂರ್ತಿ ಬಣ್ಣ ಹಾಕಿಕೊಡುವುದು. ನಮ್ಮ ದೇಶದಲ್ಲಿ ಇದು 19ನೇ ಶತಮಾನದಲ್ಲೇ ಒಂದು ಕಲೆಯಾಗಿ ಬೆಳೆದಿತ್ತು. ಮಹಾರಾಜರ, ಜಮೀನುದಾರರ ಫೋಟೋಗಳ ಮೇಲೆ ಎಷ್ಟು ದಟ್ಟವಾಗಿ ಬಣ್ಣ ಬಳಿಯುತ್ತಿದ್ದರೆಂದರೆ ಕೆಲವದರಲ್ಲಿ ಮುಖವೊಂದು ಬಿಟ್ಟು ಕೆಳಗಿನ ಫೋಟೋ ಕಾಣುವುದೇ ಇಲ್ಲ.

ಇನ್ನೊಂದು ಕೆಲಸ ನಮ್ಮಲ್ಲಿ ಬಹಳ ಮನೆಗಳಿಗೆ ಗೊತ್ತು. ಯಾರಾದರೂ ತೀರಿಕೊಂಡಾಗ ಅವರದೊಂದು ಒಳ್ಳೆಯ ಫೋಟೋ ಇರುತ್ತಿರಲಿಲ್ಲ. ಯಾವುದೋ ಮದುವೆಯ ಗ್ರೂಪ್ ಫೋಟೋದಿಂದ ಅವರ ಮುಖ ಮಾತ್ರ ಬಿಡಿಸಿ, ದೊಡ್ಡದು ಮಾಡಿ, ಹೆಗಲ ಮೇಲೆ ಶಲ್ಯ ಬರೆದು, ಮುತ್ತೈದೆಯಾದರೆ ಹಣೆಗೆ ಕುಂಕುಮ ಇಟ್ಟು ಸ್ಟುಡಿಯೋದವರು ಕೊಡುತ್ತಿದ್ದರು. ಬದುಕಿದ್ದಾಗ ಒಂದೂ ಫೋಟೋ ತೆಗೆಸದವರಿಗೆ ಸತ್ತ ಮೇಲೆ ತೆಗೆದ ಫೋಟೋದಲ್ಲೇ ಕಣ್ಣು ತೆರೆದಂತೆ ಬರೆದುಕೊಟ್ಟದ್ದೂ ಉಂಟು. ಹಾರ ಹಾಕಿ ಗೋಡೆಯ ಮೇಲಿಟ್ಟಿರುವ ಎಷ್ಟೋ ಹಿರಿಯರು ಹೀಗೆ ಯಾರೋ ಕಲಾವಿದನ ಕುಂಚದಿಂದ ನಮ್ಮನ್ನು ನೋಡುತ್ತಿದ್ದಾರೆ. ಇದನ್ನು ಮೋಸ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಮೋಸ ಎಂದರೆ ಇದು

ಮೋಸ ಬೇರೆಯೇ ಇದೆ. ಸೋವಿಯತ್ ರಷ್ಯಾದಲ್ಲಿ 1937ರಲ್ಲಿ ತೆಗೆದ ಒಂದು ಫೋಟೋದಲ್ಲಿ ಮಾಸ್ಕೋ ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ ಪಕ್ಕದಲ್ಲಿ ಅವನ ರಹಸ್ಯ ಪೊಲೀಸ್ ಮುಖ್ಯಸ್ಥ ಯೆಝೋವ್ ನಗುತ್ತಾ ನಿಂತಿದ್ದಾನೆ. ಸ್ಟಾಲಿನ್‌ನ ಕೃಪೆ ತಪ್ಪಿ 1940ರಲ್ಲಿ ಅವನಿಗೆ ಗುಂಡಿಕ್ಕಲಾಯಿತು. ನಂತರದ ಪ್ರಿಂಟ್‌ಗಳಲ್ಲಿ ಅವನು ನಿಂತಿದ್ದ ಜಾಗದಲ್ಲಿ ಬರೀ ನೀರು! 1945ರ ಮೇ ತಿಂಗಳಲ್ಲಿ ಬರ್ಲಿನ್ನಿನ ಸಂಸತ್ ಭವನದ ಮೇಲೆ ಸೋವಿಯತ್ ಧ್ವಜ ಏರಿಸುವ ಜಗತ್ಪ್ರಸಿದ್ಧ ಫೋಟೋ ನೀವೆಲ್ಲಾ ನೋಡಿರುತ್ತೀರಿ. ಅದರಲ್ಲಿ ಒಬ್ಬ ಸೈನಿಕನ ಕೈಗಳಿಗೆ ಎರಡು ವಾಚು ಇದ್ದಂತೆ ಕಾಣುತ್ತಿತ್ತು. ಲೂಟಿ ಮಾಡಿದ್ದೆಂದು ಜನ ತಿಳಿದಾರು ಎಂದು ಫೋಟೋ ತೆಗೆದ ಖಾಲ್ದೇಯ್ ಒಂದನ್ನು ಕೆರೆದುಹಾಕಿದ, ಹಿನ್ನೆಲೆಗೆ ಹೊಗೆ ಸೇರಿಸಿದ.

ಅಮೆರಿಕದ ಪತ್ರಿಕೆಗಳೂ ಕಡಿಮೆಯಿಲ್ಲ. 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಹೊಂದಲಿ ಎಂದು ನ್ಯಾಷನಲ್ ಜಿಯೋಗ್ರಾಫಿಕ್ ಈಜಿಪ್ಟಿನ ಪಿರಮಿಡ್‌ಗಳನ್ನೇ ಹತ್ತಿರಕ್ಕೆ ಸರಿಸಿತು! 1994ರ ಜೂನ್‌ನಲ್ಲಿ ಟೈಮ್ ಪತ್ರಿಕೆ ಓ.ಜೆ. ಸಿಂಪ್ಸನ್‌ನ ಪೊಲೀಸ್ ಫೋಟೋವನ್ನು ಇನ್ನಷ್ಟು ಕಪ್ಪಾಗಿಸಿ ಮುಖಪುಟದಲ್ಲಿ ಹಾಕಿತು. ಅದೇ ವಾರ ನ್ಯೂಸ್‌ವೀಕ್ ತಿದ್ದದ ಫೋಟೋ ಹಾಕಿದ್ದರಿಂದ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಕೂತು ಗುಟ್ಟು ರಟ್ಟಾಯಿತು.

ಕುಂಕುಮ ಬರೆದವನ ಕುಂಚ, ಯೆಝೋವ್‌ನನ್ನು ಅಳಿಸಿದವನ ಕುಂಚ ಎರಡೂ ಒಂದೇ. ಆದರೆ ಮನೆಯವರಿಗೆ ಕುಂಕುಮ ಬರೆದದ್ದೆಂದು ಗೊತ್ತು, ಅವರೇ ಬರೆಸಿದ್ದು. ಇನ್ನೊಂದರಲ್ಲಿ ನೋಡುವವನಿಗೆ ಗೊತ್ತಾಗಬಾರದು ಎಂಬುದೇ ಉದ್ದೇಶ.

ಡಾರ್ಕ್ ರೂಮ್ ಕಂಪ್ಯೂಟರಿಗೆ ಬಂತು

1987ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಥಾಮಸ್ ನೋಲ್ ತನ್ನ ಮ್ಯಾಕಿಂಟಾಷ್‌ನಲ್ಲಿ ಚಿತ್ರ ತೋರಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಬರೆಯತೊಡಗಿದ. ಸಿನಿಮಾ ಗ್ರಾಫಿಕ್ಸ್ ಕಂಪನಿಯಲ್ಲಿದ್ದ ತಮ್ಮ ಜಾನ್ ನೋಲ್ ಅದನ್ನು ನೋಡಿ ಕೈ ಜೋಡಿಸಿದ. ಅಡೋಬಿ ಕಂಪನಿ 1990ರ ಫೆಬ್ರವರಿಯಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಅದೇ ಫೋಟೋಶಾಪ್. ಆ ಮೊದಲ ಆವೃತ್ತಿಯ ಸೋರ್ಸ್ ಕೋಡ್ 2013ರಿಂದ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಸಿಗುತ್ತದೆ. ಸುಮಾರು 1,28,000 ಸಾಲುಗಳು, ಬಹುಪಾಲು ಪ್ಯಾಸ್ಕಲ್‌ನಲ್ಲಿ. ಕೋಡ್ ಬರೆಯುವವರು ಒಮ್ಮೆ ನೋಡಲೇಬೇಕು.

ನನಗೆ ತುಂಬಾ ಇಷ್ಟವಾದ ವಿಷಯವೆಂದರೆ ಫೋಟೋಶಾಪ್‌ನ ಒಳಗೆ ಹಳೆಯ ಡಾರ್ಕ್ ರೂಮ್ ಇನ್ನೂ ಬದುಕಿರುವುದು. ಡಾಡ್ಜ್ ಟೂಲ್‌ನ ಚಿತ್ರ ನೋಡಿ, ಕಡ್ಡಿಯ ತುದಿಗೆ ಒಂದು ಬಿಲ್ಲೆ. ಪ್ರಿಂಟ್ ಹಾಕುವಾಗ ಮುಖಕ್ಕೆ ಬೀಳುವ ಬೆಳಕನ್ನು ತಡೆಯಲು ನಿಜವಾಗಿ ಹಿಡಿಯುತ್ತಿದ್ದ ರಟ್ಟಿನ ತುಂಡು ಅದು! ಬರ್ನ್ ಟೂಲ್‌ನದು ಮುದುರಿದ ಕೈ. ಬೇಕಾದ ಜಾಗಕ್ಕೆ ಮಾತ್ರ ಬೆಳಕು ಹಾಯಿಸಲು ಕೈಯನ್ನು ಹಾಗೆ ಮುದುರುತ್ತಿದ್ದರು. ಏರ್‌ಬ್ರಷ್, ಮಾಸ್ಕ್ ಎಲ್ಲವೂ ಹಾಗೇ ಬಂದ ಹೆಸರುಗಳು.

2002ರಲ್ಲಿ ಬಂದ ಹೀಲಿಂಗ್ ಬ್ರಷ್ ಮಾತ್ರ ಹೊಸ ಹೆಜ್ಜೆ. ಅದಕ್ಕೂ ಮೊದಲು ಒಂದು ಜಾಗದ ಚರ್ಮವನ್ನು ಇನ್ನೊಂದೆಡೆ ಅಂಟಿಸಿದರೆ ತೇಪೆ ಹಾಕಿದಂತೆ ಕಾಣುತ್ತಿತ್ತು. ಹೀಲಿಂಗ್ ಬ್ರಷ್ ಚರ್ಮದ ನಯ-ಒರಟನ್ನು ಒಂದು ಕಡೆಯಿಂದ ತರುತ್ತದೆ, ಬಣ್ಣ ಮತ್ತು ಬೆಳಕನ್ನು ಕಲೆಯ ಸುತ್ತಲಿನ ಅಂಚಿನಿಂದ ತೆಗೆದುಕೊಳ್ಳುತ್ತದೆ. ಹೊಲಿಗೆ ಕಾಣುವುದೇ ಇಲ್ಲ. ಸ್ಟುಡಿಯೋದವನಿಗೆ ಒಂದು ಗಂಟೆ ಹಿಡಿಯುತ್ತಿದ್ದ ಕೆಲಸ ಒಂದು ಕ್ಲಿಕ್ಕಿಗೆ ಇಳಿಯಿತು.

ಎ.ಐ. ತಿದ್ದುವುದಿಲ್ಲ, ಊಹಿಸುತ್ತದೆ

ಇಲ್ಲಿಯವರೆಗಿನ ಎಲ್ಲಾ ತಂತ್ರಗಳಲ್ಲೂ ಒಂದು ಸಾಮ್ಯವಿತ್ತು. ಮುಖ ಅಜ್ಜಿಯದೇ, ತಿದ್ದಿದ್ದು ಅಲ್ಲಲ್ಲಿ ಮಾತ್ರ. ಎ.ಐ. ಹಾಗಲ್ಲ. ಮುಖ ಸ್ಪಷ್ಟಗೊಳಿಸುವ ಪ್ರೋಗ್ರಾಂಗಳು ಮಸುಕಾದ ಫೋಟೋದಲ್ಲಿ ಅಡಗಿರುವ ವಿವರವನ್ನು ಹೊರತೆಗೆಯುವುದಿಲ್ಲ. ಆ ವಿವರ ಅಲ್ಲಿ ಇಲ್ಲವೇ ಇಲ್ಲ! ಸಾವಿರಾರು ಮುಖಗಳನ್ನು ನೋಡಿ ಕಲಿತು, "ಇಂಥ ಮಸುಕಿನ ಜಾಗದಲ್ಲಿ ಸಾಮಾನ್ಯವಾಗಿ ಇಂಥ ಕಣ್ಣಿರುತ್ತದೆ" ಎಂದು ಹೊಸದಾಗಿ ಬರೆಯುತ್ತವೆ. ಇವುಗಳಲ್ಲಿ ಹೆಸರಾದ ಜಿ.ಎಫ್.ಪಿ.-ಗ್ಯಾನ್ (2021) ಕಲಿತದ್ದು ಫ್ಲಿಕರ್‌ನಿಂದ ಸಂಗ್ರಹಿಸಿದ 70,000 ಮುಖಗಳಿಂದ. ಆ ಮುಖಗಳು ಇಂಟರ್ನೆಟ್ ಕಾಲದವು. 1958ರ ತಿಪಟೂರಿನ ಹೆಣ್ಣುಮಗಳ ಮುಖವನ್ನು ಅವುಗಳ ಅಚ್ಚಿನಲ್ಲಿ ಎರಕ ಹೊಯ್ದರೆ ಅಮ್ಮನಿಗೆ ಅಪರಿಚಿತಳಾಗಿ ಕಾಣದೆ ಇನ್ನೇನು?

ಬಣ್ಣದ್ದೂ ಅದೇ ಕಥೆ. ಕಪ್ಪು-ಬಿಳುಪು ಫಿಲ್ಮ್ ಉಳಿಸುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಕಡು ಹಸಿರು ಸೀರೆ, ಮೆರೂನ್ ಸೀರೆ ಎರಡೂ ಒಂದೇ ಬೂದು ಬಣ್ಣವಾಗಿಬಿಡಬಹುದು. ಆ ಬೂದಿಯಿಂದ ಬಣ್ಣವನ್ನು ಲೆಕ್ಕ ಹಾಕಿ ವಾಪಸ್ ತರಲು ಯಾವ ಗಣಿತಕ್ಕೂ ಸಾಧ್ಯವಿಲ್ಲ. ಯಂತ್ರ ಊಹಿಸುತ್ತದೆ, ಅಷ್ಟೇ. ಸರಿಯಾದ ಉತ್ತರ ಇದ್ದದ್ದು ಬೀರುವಿನಲ್ಲಿ.

ಫೋನುಗಳೂ ಈಗ ಇದೇ ಹಾದಿಯಲ್ಲಿವೆ. 2021ರ ಪಿಕ್ಸೆಲ್ ಫೋನಿನ ಮ್ಯಾಜಿಕ್ ಎರೇಸರ್ ಹಿಂದೆ ನಿಂತವರನ್ನು ಅಳಿಸಿತು. 2023ರ ಬೆಸ್ಟ್ ಟೇಕ್ ಒಬ್ಬೊಬ್ಬರ ಒಳ್ಳೆಯ ನಗುವನ್ನು ಬೇರೆ ಬೇರೆ ಫೋಟೋಗಳಿಂದ ತಂದು ಜೋಡಿಸಿತು. ಇದಕ್ಕೆ ಎದುರಾಗಿ, ಫೋಟೋ ಎಲ್ಲಿ ಹುಟ್ಟಿತು, ಏನು ತಿದ್ದಲಾಯಿತು ಎಂಬ ದಾಖಲೆಯನ್ನು ಫೋಟೋದ ಜೊತೆಗೇ ಸಹಿ ಮಾಡಿಡುವ ಪ್ರಯತ್ನವೂ ನಡೆದಿದೆ. ಆ ಸೌಲಭ್ಯ ಮೊದಲು ಬಂದದ್ದು ನಮ್ಮ ಜರ್ಮನಿಯ ಲೈಕಾ ಕಂಪನಿಯ ಕ್ಯಾಮೆರಾದಲ್ಲಿ, 2023ರಲ್ಲಿ. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್‌ಗಳಿಗೆ ಕಾಗದದ ಫೋಟೋ ಬೇಡ, ಡಿಜಿಟಲ್ ಆಗಿಯೇ ಬರಬೇಕು ಎಂದು 2025ರ ಮೇ 1ರಿಂದ ಇಲ್ಲಿ ನಿಯಮ ಬಂತಲ್ಲ, ಅದಕ್ಕೂ ಕಾರಣ ಇದೇ. ಇಬ್ಬರ ಮುಖ ಬೆರೆಸಿ ಒಂದು ಫೋಟೋ ಮಾಡಿ ಒಂದೇ ಪಾಸ್‌ಪೋರ್ಟ್‌ನಲ್ಲಿ ಇಬ್ಬರೂ ಓಡಾಡುವ ವಂಚನೆಯನ್ನು ತಡೆಯಲು.

ನಮ್ಮ ಮನೆಯ ಫೋಟೋಗಳಿಗೆ ಏನು ಮಾಡೋಣ?

ನನ್ನ ಎಡವಟ್ಟಿನಿಂದ ಕಲಿತ ಕೆಲವು ವಿಷಯಗಳು:

1. ಹಳೇ ಫೋಟೋವನ್ನು ಮೊದಲು ಸ್ಕ್ಯಾನ್ ಮಾಡಿಸಿ, ಕನಿಷ್ಠ 600 ಡಿ.ಪಿ.ಐ. ಇರಲಿ, ಟಿಫ್ ಫೈಲ್ ಆಗಿ ಉಳಿಸಿ. ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ವಿವರ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

2. ಆ ಮೊದಲ ಫೈಲನ್ನು ಎಂದೂ ಮುಟ್ಟಬೇಡಿ. ತಿದ್ದುವುದೆಲ್ಲಾ ನಕಲಿನ ಮೇಲೆ. ಫೈಲ್ ಹೆಸರಿನಲ್ಲೇ "ತಿದ್ದಿದ್ದು" ಎಂದು ಸೇರಿಸಿ.

3. ಬಿರುಕು, ಕಲೆ, ಮಾಸಿದ ಬಣ್ಣ ಇವು ಕಾಗದಕ್ಕೆ ಆದ ಗಾಯಗಳು, ಧಾರಾಳವಾಗಿ ಸರಿಮಾಡಿ. ಮುಖಕ್ಕೆ ಮಾತ್ರ ಕೈ ಹಾಕುವ ಮೊದಲು ಯೋಚಿಸಿ.

4. ಆಲ್ಬಂಗೆ ಅಂಟಿಕೊಂಡ ಫೋಟೋವನ್ನು ಎಳೆದು ಕೀಳಬೇಡಿ. ಪುಟದ ಸಮೇತ ಸ್ಕ್ಯಾನ್ ಮಾಡಿ.

5. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಸಲ ಊರಿಗೆ ಹೋದಾಗ ಆಲ್ಬಂ ಹಿಡಿದು ಹಿರಿಯರ ಪಕ್ಕ ಕೂತುಕೊಳ್ಳಿ. ಇವರು ಯಾರು, ಯಾವ ವರ್ಷ, ಸೀರೆ ಯಾವ ಬಣ್ಣ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಈ ಮಾಹಿತಿ ಯಾವ ಸಾಫ್ಟ್‌ವೇರ್‌ನಲ್ಲೂ ಸಿಗುವುದಿಲ್ಲ.

ಗೃಹಪ್ರವೇಶ ಏನಾಯಿತು ಅಂತೀರಾ? ಮಾವನ ಮಗ ಮೂಲ ಫೋಟೋವನ್ನು ಸ್ಕ್ಯಾನ್ ಮಾಡಿ ಕಳಿಸಿದ. ಬಿರುಕು, ಬೂಷ್ಟು ಮಾತ್ರ ತೆಗೆದೆ. ಎರಡು ಸಂಜೆ ಹಿಡಿಯಿತು. ಸ್ಟುಡಿಯೋದವನ ಸೀಸದಕಡ್ಡಿಯ ಕೆಲಸವನ್ನು ಹಾಗೇ ಬಿಟ್ಟೆ. ಅದೂ ಆ ಫೋಟೋದ ಚರಿತ್ರೆಯೇ ತಾನೇ? ಅದರ ಪಕ್ಕದಲ್ಲಿ ಹಾಕಲು ಇನ್ನೊಂದು ಫೋಟೋ ಹುಡುಕಿಸಿದೆ. 1994ರಲ್ಲಿ ಮಾವ ಹಿತ್ತಲಿನಲ್ಲಿ ತೆಗೆದದ್ದು. ಅಜ್ಜಿ ಬಿಸಿಲಿನಲ್ಲಿ ಹಪ್ಪಳ ಒಣಗಿಸುತ್ತಾ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಕೆನ್ನೆಯ ಕಲೆಗಳು ಒಂದೊಂದೂ ಕಾಣುತ್ತವೆ.

ಅದೇ ಎರಡು ಫೋಟೋ ಈಗ ಮ್ಯೂನಿಕ್‌ನ ನಮ್ಮ ಮನೆಯ ಗೋಡೆಯಲ್ಲೂ ಇವೆ. ಅಜ್ಜಿ ಹೋದದ್ದು 2011ರಲ್ಲಿ, ನನ್ನ ಆರು ವರ್ಷದ ಮಗಳು ಅವರನ್ನು ನೋಡಿಲ್ಲ. ಮೊನ್ನೆ ಎರಡನೇ ಫೋಟೋ ತೋರಿಸಿ, "ಅಪ್ಪ, ಮುತ್ತಜ್ಜಿ ಮುಖದಲ್ಲಿ ಏನದು ಚುಕ್ಕಿ ಚುಕ್ಕಿ?" ಎಂದು ಕೇಳಿದಳು. ಸಿಡುಬು ಅಂತ ಒಂದು ಕಾಯಿಲೆ ಇತ್ತು, ಮುತ್ತಜ್ಜಿಗೆ ಚಿಕ್ಕವಯಸ್ಸಿನಲ್ಲಿ ಬಂದಿತ್ತು, ಬಹಳ ಜನ ಸತ್ತುಹೋಗುತ್ತಿದ್ದರು, ಮುತ್ತಜ್ಜಿ ಉಳಿದರು. ಲಸಿಕೆ ಹಾಕಿ ಹಾಕಿ 1980ರ ಹೊತ್ತಿಗೆ ಇಡೀ ಪ್ರಪಂಚದಿಂದಲೇ ಆ ಕಾಯಿಲೆಯನ್ನು ಓಡಿಸಿಬಿಟ್ಟರು ಎಂದು ಹೇಳಿದೆ. ಸ್ವಲ್ಪ ಹೊತ್ತು ನೋಡಿ, "ಮುತ್ತಜ್ಜಿ ಉಳೀದೇ ಇದ್ದಿದ್ರೆ?" ಎಂದಳು. "ನಾನೂ ಇರ್ತಿರಲಿಲ್ಲ, ನೀನೂ ಇರ್ತಿರಲಿಲ್ಲ ಪುಟ್ಟಿ" ಎಂದೆ.

ಮೊದಲ ಫೋಟೋ ಒಂದೇ ಇದ್ದಿದ್ದರೆ ಅವಳು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ನಿಮ್ಮ ಮನೆಯ ಆಲ್ಬಂನಲ್ಲೂ ಇಂಥ ಟಚಿಂಗ್ ಮಾಡಿದ ಫೋಟೋ, ಅದರ ಹಿಂದೊಂದು ಕಥೆ ಖಂಡಿತ ಇರುತ್ತದೆ. ಬರೆದು ತಿಳಿಸಿ, ಮುಂದಿನ ಸಂಚಿಕೆಗಳಲ್ಲಿ ಹಂಚಿಕೊಳ್ಳೋಣ.

ಸಿರಿಗನ್ನಡಂ ಗೆಲ್ಗೆ!